ಗೆರೆಯ ಕೆಳಗೆ

ಅಯ್ಯನವರಿಗೆ ಗದಗಿಗೆ ವರ್ಗವಾಗಿ ಮೂರು ತಿಂಗಳು.
ಹೊಸಬರು ಬರುವವರೆಗೆ ಗುರುವಾರದ ಓದು ನನ್ನ ಪಾಲಿಗೆ.
ಕಾರಣ ಇಷ್ಟೇ: ಮಂಡಿಪೇಟೆಯಲ್ಲಿ ನನ್ನದು ಕನ್ನಡಕದಂಗಡಿ,
ಸಣ್ಣಕ್ಷರ ನನಗೆ ಹೆದರುತ್ತದೆಂದು ಸಭೆಯವರ ಎಣಿಕೆ.

ಹೋದ ವಾರ ಓದಿದ್ದು
ಹರಕೆ ಹೊತ್ತ ಒಬ್ಬ ಅಪ್ಪನ ಕಥೆ.
ಯುದ್ಧ ಗೆದ್ದು ಬಂದರೆ, ಮನೆಬಾಗಿಲು ದಾಟಿ
ಮೊದಲು ಎದುರಾದದ್ದು ದೇವರಿಗೆ, ಎಂದಿದ್ದ.
ಬಂದವಳು ಮಗಳು,
ದಮ್ಮಡಿ ಬಡಿಯುತ್ತ.

ನಾನು ಪುಟ ತಿರುವುವಷ್ಟರಲ್ಲಿ ಹಿಂದಿನ ಬೆಂಚಿನಿಂದ
ಎಸ್ತೇರಮ್ಮ, ಮಂಡಕ್ಕಿ ಭಟ್ಟಿಯಿಂದ ನೆಟ್ಟಗೆ ಬಂದವಳು,
ಸೆರಗಿನಲ್ಲಿನ್ನೂ ಕಾದ ಮರಳಿನ ವಾಸನೆ:
“ಆ ಹುಡುಗಿ ಹೆಸರೇನು?”
ಹುಡುಕಿದೆ. ಇರಲಿಲ್ಲ.
“ಅವಳವ್ವ ಎಲ್ಲಿದ್ಲು?”
ಅದೂ ಇರಲಿಲ್ಲ.
“ಊರಾಗೆ ಒಬ್ರೂ ಬ್ಯಾಡ ಅನ್ಲಿಲ್ವಾ?”
ಫ್ಯಾನು ತಿರುಗುತ್ತಿತ್ತು.

ಅದಕ್ಕೇ ಡಬ್ಬಿ ಬಿಚ್ಚಿ ಹದಿನೆಂಟು ನೂರು ಎಣಿಸಿದರು,
ವಿವರಣೆ ಇರುವ ಬೈಬಲ್ ತಾ, ಎಂದು.

ಪಿ.ಬಿ. ರಸ್ತೆಯ ಮಹಡಿ ಮೇಲಿನ ಒಂದೇ ಕೋಣೆ.
ವರದಾನಪ್ಪ ಟವೆಲ್ಲಿನಿಂದ ಧೂಳು ಹೊಡೆದು
ಮೂರನ್ನು ಮೇಜಿನ ಮೇಲಿಟ್ಟ.
“ಇದಕ್ಕೆ ಜಿಪ್ಪಿದೆ ಸಾರ್, ಮಳೆಗೆ ತಡೀತದೆ.”

ನನ್ನಂಗಡಿಗೆ ಯಾರೇ ಬರಲಿ, ಓದಿಸುವುದು ಒಂದೇ ಫಲಕ.
ಹಾಗೇ ಮೂರಕ್ಕೂ ಒಂದೇ ಪುಟ ತೆರೆದೆ.

ಜಿಪ್ಪಿನದಕ್ಕೆ ಬಂಗಾರದ ಅಂಚು, ಬಣ್ಣದ ನಕಾಶೆ.
ಯಾವ ಊರಿಗೆ ಎಷ್ಟು ಹರದಾರಿ,
ಯಾವ ಹೊಳೆ ಎಲ್ಲಿ ಸಣ್ಣಗಾಗುತ್ತದೆ, ಎಲ್ಲ ಇತ್ತು.
ಹುಡುಗಿಯ ಬಗ್ಗೆ?
ದಮ್ಮಡಿ ಎಂದರೆ ಚರ್ಮದ ವಾದ್ಯ, ಎಂದಿತ್ತು.

ಎರಡನೆಯದು ಎತ್ತಿದರೆ ಮಣಿಕಟ್ಟು ಸೋತಿತು.
ಗೆರೆಯ ಮೇಲೆ ಎಂಟು ಸಾಲು ವೇದ,
ಗೆರೆಯ ಕೆಳಗೆ ನಲವತ್ತು ಸಾಲು ಮನುಷ್ಯರ ಮಾತು.
ನಮ್ಮೂರಲ್ಲೂ ಇಷ್ಟು ಬೆಣ್ಣೆ ಹಾಕುವುದಿಲ್ಲ ದೋಸೆಗೆ.
ಚೌಕಟ್ಟಿನೊಳಗೆ ದಪ್ಪಕ್ಷರ:
ಇಂದಿನ ಪಾಠ, ಯೋಚಿಸಿ ಮಾತು ಕೊಡಿ.
ಇದನ್ನು ಎಸ್ತೇರಮ್ಮನ ಎದುರು ಓದಿ
ನಾನು ಮನೆ ಮುಟ್ಟುವುದುಂಟೇ?

ಮೂರನೆಯದರ ಮೂಲೆ ನುಗ್ಗಾಗಿತ್ತು,
ಸಾಗಣೆಯಲ್ಲಿ ಬಿದ್ದದ್ದಂತೆ, ಬೆಲೆ ಇಳಿಸಿದ್ದ.
ಜೇಬಿನಿಂದ ಭೂತಗನ್ನಡಿ ತೆಗೆದು ಹಿಡಿದೆ:
ಈ ಮಗಳ ಹೆಸರನ್ನು ಮೂಲ ಹೇಳುವುದಿಲ್ಲ. ತಾಯಿಯ ಮಾತೂ ಇಲ್ಲ.
ಬಲಿಯಾದಳೆಂದು ಕೆಲವರು, ಕನ್ಯೆಯಾಗಿ ಉಳಿದಳೆಂದು ಕೆಲವರು;
ಇದನ್ನು ಬರೆದ ನಮ್ಮಲ್ಲೂ ಒಮ್ಮತವಿಲ್ಲ.
ಯಾರೂ ಏಕೆ ತಡೆಯಲಿಲ್ಲವೋ, ತಿಳಿಯದು.

ತಿಳಿಯದು.
ಅಚ್ಚಿನಲ್ಲಿ, ಪೂರ್ಣವಿರಾಮ ಸಮೇತ.

ನನ್ನ ಕಸುಬಿನಲ್ಲಿ ಬಾಯಿಂದ ಹೊರಡದ ಮಾತು ಒಂದಿದೆ.
ಲೆನ್ಸ್ ಬದಲಿಸಿ ಬದಲಿಸಿ, ಆಚೆ ಕೂತವರ ಕಣ್ಣಿನ ಹಿಂದೆಯೇ
ಬೆಳಕು ಇಂಗುತ್ತಿದೆ ಎಂದು ಗೊತ್ತಾದಾಗ
ಹೇಳಬೇಕಾದದ್ದು:
ಇದು ಕನ್ನಡಕದಿಂದ ಆಗುವ ಕೆಲಸವಲ್ಲ.
ಮೂವತ್ತು ವರ್ಷದಲ್ಲಿ ಎರಡು ಸಲ ಹೇಳಿದ್ದೇನೆ.
ಉಳಿದ ಸಲ
ಫ್ರೇಮು ಮಾರಿದ್ದೇನೆ.

“ಇದನ್ನೇ ಕಟ್ಟಿಕೊಡು” ಎಂದೆ.
“ಮೂಲೆ ಹೋಗಿದೆಯಲ್ಲ ಸಾರ್?”
“ಹೋಗಲಿ.”

ಗುರುವಾರ. ಮಳೆಗೆ ಕರೆಂಟು ಹೋಗಿ ಬಂತು.
ಗೆರೆಯ ಮೇಲಿನದು ಓದಿದೆ, ಕೆಳಗಿನದೂ ಓದಿದೆ.
ಎಸ್ತೇರಮ್ಮ ಪೂರ್ತಿ ಕೇಳಿ,
“ಹನ್ನೆರಡು ನೂರು ಸುರಿದು
ಗೊತ್ತಿಲ್ಲ ಅನ್ನಿಸ್ಕೊಂಡು ಬಂದ್ಯೇನಪ್ಪಾ?”
ಬೆಂಚುಗಳೆಲ್ಲ ನಕ್ಕವು. ನಾನೂ.

ನಗು ಇಳಿದ ಮೇಲೆ ಎದ್ದು ಬಂದಳು.
“ಎಲ್ಲೈತೆ, ತೋರ್ಸು.”
ಬೆರಳಿಟ್ಟಳು. ಭಟ್ಟಿಯ ಬಿಸಿಗೆ ಸುಕ್ಕಾದ ಆ ಬೆರಳಿನಡಿ
ಟಿಪ್ಪಣಿಯೇ ಮುಚ್ಚಿಹೋಯಿತು.
“ಬಾಳ ಸಣ್ಣಗೆ ಬರ್ದಾರೆ.”
ನನ್ನ ಕನ್ನಡಕ ತೆಗೆದು ಕೈಗಿತ್ತೆ.

ಒಂದೊಂದೇ ಅಕ್ಷರ ಕೂಡಿಸಿ ಓದಿದಳು,
ತಿಳಿಯದು ಎಂಬಲ್ಲಿ ಎರಡು ಸಲ.
ಆಮೇಲೆ ಅಲ್ಲೇ, ಮುಂದಿನ ಬೆಂಚಿನಲ್ಲೇ ಕೂತು
“ಹೂಂ, ಮುಂದಕ್ಕೆ ಓದು” ಎಂದಳು,
ಕನ್ನಡಕ ಮಾತ್ರ ವಾಪಸ್ಸು ಕೊಡದೆ.